ಕೋಲಾರದ ಮೋಟ್ರು ವೈಂಡಿಂಗ್ ಅಂಗಡಿ: ಕೆಲ್ಸ ಸೂಪರ್, ಕಾಯೋ ತಾಳ್ಮೆ ಇರ್ಲಿ

ಹೋದ ತಿಂಗ್ಳು ನಮ್ ಬೋರಿನ ಏಳೂವರೆ ಎಚ್‌ಪಿ ಮೋಟ್ರು ಸುಟ್ಟೋಯ್ತು, ಟೊಮೆಟೊ ಹೂವಿಗ್ ಬಂದಿರೋ ಟೈಮು ಬೇರೆ, ಮೇಲೆತ್ತಿಸ್ಕೊಂಡು ಬಂಗಾರಪೇಟೆ ರೋಡಲ್ಲಿರೋ ವೈಂಡಿಂಗ್ ಅಂಗಡಿಗೆ ತಂದ್ಹಾಕ್ದೆ. ಮುಂಚೆ ಇವತ್ ಕೊಟ್ರೆ ನಾಳೆ ಸಂಜೆ ಕೈಗ್ ಸಿಗೋದು, ಈ ಸಲ ಐದು ದಿನ. ಒಂದ್ ಸ್ಟಾರ್ ಕಟ್ ಮಾಡಿರೋದು ಅದಕ್ಕೇ.

ಕೆಲ್ಸದ್ ಬಗ್ಗೆ ಮಾತಾಡಂಗಿಲ್ಲ. ನೀರು ತುಂಬೋ ಮೋಟ್ರಿಗೆ ಪ್ಲಾಸ್ಟಿಕ್ ಹೊದಿಕೆ ತಂತಿನ ಸ್ಲಾಟ್ ಒಳಗೆ, ಅಂದ್ರೆ ಮೋಟ್ರಿನ ಕಬ್ಬಿಣದಲ್ಲಿರೋ ಗಾಡಿಗಳೊಳಗೆ, ಒಂದೊಂದೇ ಸುತ್ತು ಕೈಯಲ್ಲೇ ಎಳೀಬೇಕು, ಒಂದ್ ಕಡೆ ಹೊದಿಕೆ ತರಚಿದ್ರೂ ಬೋರಿಗೆ ಬಿಟ್ಮೇಲೆ ಮತ್ತೆ ಢಮಾರ್. ಇವ್ರು ಸುತ್ತಿದ್ಮೇಲೆ ರಾತ್ರಿಯೆಲ್ಲಾ ನೀರಿನ ತೊಟ್ಟೀಲಿ ಮುಳುಗ್ಸಿಟ್ಟು ಬೆಳಿಗ್ಗೆ ನನ್ ಮುಂದೇನೇ ಮೆಗ್ಗರ್ (ಹೊದಿಕೆಯಿಂದ ಕರೆಂಟ್ ಸೋರುತ್ತಾ ಅಂತ ನೋಡೋ ಮೀಟ್ರು) ಇಟ್ಟು ತೋರ್ಸಿದ್ರು.

ಯಾಕಣ್ಣ ಇಷ್ಟ್ ಲೇಟು ಅಂದ್ರೆ "ಕೂತ್ಕೊಂಡ್ ಸುತ್ತೋರು ಎಲ್ಲವ್ರಪ್ಪಾ" ಅಂದ್ರು ಓನರ್ರು. ಅವ್ರಪ್ಪಂಗೆ ಆರು ಮಕ್ಳು, ಅದ್ರಲ್ಲಿಬ್ರು ಇದೇ ಕೆಲ್ಸಕ್ಕೆ ಬಂದ್ರಂತೆ, ಇವ್ರಿಗಿರೋದು ಒಬ್ನೇ ಮಗ, ಅವ್ನು ಐಟಿಐ ಮುಗ್ಸಿ ಇಲ್ಲೇ ಕೋಲಾರದ ಹತ್ರ ನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಕಂಪ್ನಿಗ್ ಹೋಗ್ತಾನೆ, ಬಸ್ಸು ಊಟ ಪಿಎಫ್ ಎಲ್ಲಾ ಐತೆ. ತಪ್ಪು ಅನ್ನಕ್ಕಾಗಲ್ಲ, ನನ್ ಮಗ್ಳೂ ಅಲ್ಲಿಗೇ ಹೋಗೋದು. 2013ರಲ್ಲಿ ಹೋಂಡಾ ಬಂತು, ಆಮೇಲೆ ಐಫೋನ್ ಫ್ಯಾಕ್ಟರಿ, ಕಂಪ್ನಿಗಳು ಜಾಸ್ತಿಯಾಗ್ತಾ ಹೋದ್ವು, ಮನೆಗಳಲ್ಲಿ ಹುಡುಗ್ರು ಕಮ್ಮಿಯಾಗ್ತಾ ಬಂದ್ರು. 2019-21ರ ಕುಟುಂಬ ಆರೋಗ್ಯ ಸರ್ವೇಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಳು, ಜನಸಂಖ್ಯೆ ಇಳೀದಂಗಿರಕ್ಕೆ ಸುಮಾರು 2.1 ಬೇಕು. ಬಿಹಾರದಲ್ಲಿ 3.

ಅಂಗಡಿಲಿರೋ ಇನ್ನೊಬ್ಬ ಕೆಲ್ಸಗಾರ ಆ ಬಿಹಾರದ ಹುಡ್ಗಾನೇ. ಬಂದಾಗ ಸ್ಪ್ಯಾನರ್ ಹಿಡ್ಯಕ್ಕೂ ಬರ್ತಿರ್ಲಿಲ್ವಂತೆ, ಮೂರು ವರ್ಷ ತಂತಿ ಹಾಳ್ಮಾಡಿ ಬೈಸ್ಕೊಂಡು ಈಗ ಓನರ್‌ಗಿಂತ ಫಾಸ್ಟು. ಕನ್ನಡ ತೆಲುಗು ಕಲ್ಸಿ ಮಾತಾಡ್ತಾನೆ, ಥೇಟ್ ನಮ್ ಕೋಲಾರದವ್ನೇ. ಬೇರೆ ಹುಡ್ಗುರ್ನ ಕರ್ಕೊಂಬಾ ಅಂದ್ರೆ ಇಬ್ರನ್ನ ಕರ್ಕೊಂಬಂದ್ನಂತೆ, ಎರಡೇ ತಿಂಗ್ಳಿಗೆ ಅವ್ರೂ ಕಂಪ್ನಿ ಸೇರ್ಕೊಂಡ್ರು!

ಬಿಲ್ಲು 9,000 ಆಯ್ತು, ಹಳೇ ತಾಮ್ರ ತೂಕ ಹಾಕಿ ಅದ್ರಲ್ಲಿ ಕಳೆದ್ರು, ಮೋಸ ಇಲ್ಲ. ದೀಪಾವಳಿ ಮುಗಿದ್ಮೇಲೆ ಬಿಹಾರದವ್ರ ಛಠ್ ಹಬ್ಬಕ್ಕೆ ಆ ಹುಡ್ಗ ಊರಿಗ್ ಹೋಗ್ತಾನೆ, ಆ ಟೈಮಲ್ಲಿ ಮೋಟ್ರು ಸುಟ್ರೆ ಫೋನ್ ಮಾಡ್ಕೊಂಡ್ ಹೋಗಿ.