ನಾಮದ ಚಿಲುಮೆ ಜಿಂಕೆ ವನ: ಹೋಗಿ ನೋಡಿ, ತಿಂಡಿ ಮಾತ್ರ ಹಾಕಬೇಡಿ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಆ ಒಂದು ಸ್ಟಾರ್, ಜಿಂಕೆ ನೋಡಲು ಬರುವವರ ಲೆಕ್ಕಕ್ಕೆ.

ತುಮಕೂರಿನಿಂದ ದೇವರಾಯನದುರ್ಗದ ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ನಾಮದ ಚಿಲುಮೆ ಸಿಗುತ್ತದೆ. ಹಣೆಗೆ ನಾಮ ಇಡಲು ನೀರಿಲ್ಲದೆ ರಾಮ ಬಾಣ ಬಿಟ್ಟು ಚಿಲುಮೆ ಬರಿಸಿದ ಎನ್ನುವುದು ಸ್ಥಳದ ಕಥೆ. ಬಂಡೆಯಲ್ಲಿ ಜಿನುಗುವ ಆ ನೀರು ನೋಡಿಕೊಂಡು ಜಿಂಕೆ ವನಕ್ಕೆ ಬನ್ನಿ. ಚುಕ್ಕೆ ಜಿಂಕೆಗಳು ನೆರಳಲ್ಲಿ ಮೆಲುಕು ಹಾಕುತ್ತಾ ಮಲಗಿರುವುದನ್ನು ಹತ್ತಿರದಿಂದ ನೋಡಬಹುದು. ಬೆಳಿಗ್ಗೆ ಹೋದರೆ ಗಲಾಟೆ ಕಡಿಮೆ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಜಿಂಕೆ ನೋಡುವಾಗಲೂ ಕಣ್ಣು ಮೊದಲು ಪಕ್ಕೆಲುಬು, ಮೂಗು, ಹಿಕ್ಕೆಯ ಕಡೆಗೇ ಹೋಗುತ್ತದೆ. ನಾನು ಕಂಡಂತೆ ಎಲ್ಲವೂ ಮೈ ತುಂಬಿಕೊಂಡಿದ್ದವು. ಆದರೆ ರಜಾದಿನದಲ್ಲಿ ಬೇಲಿಯ ಹತ್ತಿರ ನಡೆಯುವುದು ನೋಡಿದರೆ ಸಂಕಟವಾಗುತ್ತದೆ. ಜನ ಚಿಪ್ಸ್, ಬಿಸ್ಕತ್ತು, ಸೌತೆಕಾಯಿ ಚೂರು ಚಾಚುತ್ತಾರೆ. ಜಿಂಕೆಗಳೆಲ್ಲ ಒಂದೇ ಕಡೆ ಮುಗಿಬೀಳುತ್ತವೆ. ಒಂದು ಕಚ್ಚಿ ಬಿಟ್ಟಿದ್ದನ್ನು ಇನ್ನೊಂದು ನೆಕ್ಕುತ್ತದೆ. ಇದರಿಂದ ಹೊಟ್ಟೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಭಯ ಆ ಜೊಲ್ಲಿನದು.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1994ರಲ್ಲಿ ಕಾಡುಜಿಂಕೆಗೆ ದನದ ಕ್ಷಯ ಅಂಟಿರುವುದು ಬೆಳಕಿಗೆ ಬಂತು. ಕಾಡಿನಲ್ಲಿ ಅದು ಬೇರೂರಿದ್ದು ಹೇಗೆ ಗೊತ್ತಾ? ಜಿಂಕೆಗಳಿಗೆಂದು ಜನ ರಾಶಿ ಸುರಿಯುತ್ತಿದ್ದ ಮೇವೇ ದೊಡ್ಡ ಕಾರಣ. ಚದುರಿ ಮೇಯಬೇಕಾದ ಹಿಂಡು ಒಂದೇ ರಾಶಿಗೆ ಬಾಯಿ ಹಾಕಿತು. ಕೊನೆಗೆ ಆ ಭಾಗದಲ್ಲಿ ಮೇವು ಹಾಕುವುದನ್ನೇ ನಿಷೇಧಿಸಿದರು.

ಅದಕ್ಕಿಂತ ಕೆಟ್ಟದ್ದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಅಂದರೆ ಜಿಂಕೆ ಜಾತಿಯನ್ನು ನಿಧಾನಕ್ಕೆ ಸೊರಗಿಸಿ ಕೊಲ್ಲುವ ರೋಗ. ಇದು ಮೊದಲು ಕಂಡಿದ್ದು ಬೇಲಿಯೊಳಗಿನ ಜಿಂಕೆಗಳಲ್ಲೇ, 1967ರಲ್ಲಿ, ಕೊಲರಾಡೋದ ಒಂದು ಸಂಶೋಧನಾ ಕೇಂದ್ರದಲ್ಲಿ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬರುತ್ತದೆ. ಸೋಂಕು ತಗುಲಿದ ಮೇಲೂ ಒಂದೂವರೆ, ಎರಡು ವರ್ಷ ಜಿಂಕೆ ಚೆನ್ನಾಗೇ ಓಡಾಡಿಕೊಂಡಿರುತ್ತದೆ. ಆ ಹೊತ್ತಿನಲ್ಲೇ ಜೊಲ್ಲು, ಮೂತ್ರ, ಹಿಕ್ಕೆಯಲ್ಲಿ ರೋಗ ಹಂಚುತ್ತದೆ. ಆಮೇಲೆ ಬಡಕಲಾಗಿ, ತಲೆ ಇಳಿಬಿಟ್ಟು ಸಾಯುತ್ತದೆ. ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಮಣ್ಣಿಗೆ ಸೇರಿದ ಪ್ರಿಯಾನ್ ವರ್ಷಗಟ್ಟಲೆ ಉಳಿಯುತ್ತದೆ.

ಕಾಲುಬಾಯಿ ಜ್ವರ ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ. ದನ ಕುಂಟುತ್ತದೆ, ಜೊಲ್ಲು ಸುರಿಸುತ್ತದೆ, ಡಾಕ್ಟರಿಗೆ ಫೋನ್ ಹೋಗುತ್ತದೆ. ನಿಧಾನದ ರೋಗ ಹಾಗಲ್ಲ. ಕಾಡಿನಲ್ಲಿ ಹೆಣಗಳ ಸಾಲು ಕಾಣುವುದಿಲ್ಲ. ಸೊರಗಿದ ಜಿಂಕೆಯನ್ನು ಬೇಟೆಯಾಡುವ ಪ್ರಾಣಿ ಹಿಡಿಯುತ್ತದೆ, ಇಲ್ಲ ರಸ್ತೆಯಲ್ಲಿ ಗಾಡಿಗೆ ಸಿಗುತ್ತದೆ. ಇನ್ನೂ ಎಷ್ಟೋ ಸಲ ಮರಿ ಹಾಕಬೇಕಾದ ಹೆಣ್ಣು ಬೇಗ ಹೋಗಿಬಿಡುತ್ತದೆ. ಪ್ರತಿವರ್ಷ ಒಂದಷ್ಟು ಮರಿ ಕಾಣುವುದರಿಂದ ಹಿಂಡು ಸುಖವಾಗಿದೆ ಅನ್ನಿಸುತ್ತದೆ, ಅಷ್ಟೇ. ಅಮೆರಿಕದ ವಯೋಮಿಂಗ್‌ನಲ್ಲಿ ಈ ವೇಸ್ಟಿಂಗ್ ರೋಗ ಜಾಸ್ತಿಯಿದ್ದ ಮ್ಯೂಲ್ ಎಂಬ ಜಾತಿಯ ಜಿಂಕೆಗಳ ಒಂದು ಹಿಂಡನ್ನು ಅಧ್ಯಯನ ಮಾಡಿದಾಗ ಅದು ವರ್ಷಕ್ಕೆ ಸುಮಾರು 21% ಕರಗುತ್ತಿತ್ತು. ನಾರ್ವೆಯಲ್ಲಿ 2016ರಲ್ಲಿ ಕಾಡು ಹಿಮಸಾರಂಗಕ್ಕೆ ಬಂದಾಗ, ರೋಗ ಹರಡದಿರಲಿ ಎಂದು 2,000ಕ್ಕೂ ಹೆಚ್ಚಿದ್ದ ಇಡೀ ಹಿಂಡನ್ನೇ ಕೊಂದರು. ಓದಿದಾಗ ಎದೆ ಭಾರವಾಯಿತು.

ನಮ್ಮ ದೇಶದಲ್ಲಿ ಈ ರೋಗ ಕಂಡಿಲ್ಲ. ಆದರೆ ಕ್ಷಯ ನಮ್ಮ ಹಟ್ಟಿಯ ದನಗಳಲ್ಲೇ ಇದೆ, ಅಲ್ವಾ? ಅದಕ್ಕೂ ದಾರಿ ಇದೇ: ಒಂದೇ ತಾವು, ಒಂದೇ ಮೇವು, ಮೂಗಿಗೆ ಮೂಗು. ಸಾಕಿದ ಜಿಂಕೆಗಳ ಸುತ್ತ ದೇವರಾಯನದುರ್ಗದ ಕಾಡಿದೆ. ಬೇಲಿಯೊಳಗಿನ ರೋಗ ಬೇಲಿಯೊಳಗೇ ಇರುತ್ತದೆ ಎಂದು ನಂಬಬೇಡಿ.

ಮನೆಯಲ್ಲಿ ದನ, ಕುರಿ ಇರುವವರು ಅದೇ ಕೊಟ್ಟಿಗೆ ಚಪ್ಪಲಿಯಲ್ಲಿ ಬರಬೇಡಿ. ಶಾಲಾ ಮಕ್ಕಳನ್ನು ಕರೆತರುವ ಮೇಷ್ಟ್ರು ಚಿಪ್ಸ್ ಪೊಟ್ಟಣಗಳನ್ನು ಬಸ್ಸಿನಲ್ಲೇ ಇಟ್ಟು ಬರಲು ಹೇಳಿ. ಮಕ್ಕಳಿಗೆ ಜಿಂಕೆ ಮೆಲುಕು ಹಾಕುವುದನ್ನು ತೋರಿಸಿ. ನುಂಗಿದ ಮೇವು ಉಂಡೆಯಾಗಿ ಗಂಟಲಲ್ಲಿ ಮೇಲೆ ಬರುವುದು ಕಣ್ಣಿಗೇ ಕಾಣುತ್ತದೆ.