ರಬ್ಬರ್, ಪಾಲಿ, ಸ್ಫೆರಿಕಲ್: ಹಿಂದಿನ ಲೋವರ್ ಆರ್ಮ್‌ಗಳನ್ನು ಹಾಕಿ ಓಡಿಸಿ ನೋಡಿದ್ದು

ಹಿಂದೆ ಲೈವ್ ಆಕ್ಸಲ್ (ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಆಕ್ಸಲ್) ಇರುವ ಜೋರು ಗಾಡಿ ಇಟ್ಟುಕೊಂಡವರಿಗೆ ವ್ಹೀಲ್ ಹಾಪ್ ಎಂದರೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ಟೈರ್ ರಸ್ತೆ ಹಿಡಿಯುತ್ತದೆ, ಆಕ್ಸಲನ್ನು ಬಾಡಿಗೆ ಹಿಡಿದಿಡುವ ಆರ್ಮ್‌ಗಳ ತುದಿಯ ಬುಶ್‌ನ (ಮೆತ್ತನೆಯ ಜೋಡಣೆಯ) ರಬ್ಬರ್ ಹಿಂಡಿಕೊಂಡು ಆಕ್ಸಲ್ ತುಸು ತಿರುಚಿಕೊಳ್ಳುತ್ತದೆ. ಟೈರ್ ಜಾರಿದ್ದೇ ತಡ, ಅದು ವಾಪಸ್ ಚಿಮ್ಮುತ್ತದೆ, ಟೈರ್ ಮತ್ತೆ ಹಿಡಿಯುತ್ತದೆ. ಇದು ಬಿಡದೆ ನಡೆದಾಗ ಕೇಳುವುದೇ ಆ ಗಡಗಡ ಸದ್ದು. ಆಕ್ಸಲ್ ಶಾಫ್ಟ್ ಮುರಿಯುವುದಕ್ಕೂ ಅಷ್ಟು ಸಾಕು.

ನನ್ನ ಗಾಡಿಯದು ಥ್ರೀ-ಲಿಂಕ್. ಕೆಳಗೆ ಎರಡು ಆರ್ಮ್, ಮೇಲೆ ಒಂದು, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೆ ಪ್ಯಾನ್‌ಹಾರ್ಡ್ ರಾಡ್. 2005ರಿಂದ 2014ರವರೆಗಿನ ಮಸ್ಟಾಂಗ್‌ನಲ್ಲಿದ್ದದ್ದೂ ಇದೇ ಏರ್ಪಾಡು. ಎತ್ತರ ಇಳಿಸುವ ಸ್ಪ್ರಿಂಗ್ ಮೊದಲೇ ಹಾಕಿಯಾಗಿತ್ತು. ಶಾಕ್, ಟೈರ್ ಯಾವುದನ್ನೂ ಮುಟ್ಟದೆ ಲೋವರ್ ಆರ್ಮ್‌ಗಳನ್ನಷ್ಟೇ ಬದಲಿಸುತ್ತ ಹೋದೆ.

ಕಂಪನಿಯ ಆರ್ಮ್ ಬರೀ ಒತ್ತು ತಗಡಿನದು, ಎರಡೂ ತುದಿಗೆ ರಬ್ಬರ್ ಬುಶ್. ನೋಡಿದರೆ ಬಡಪಾಯಿ. ಆದರೆ ದಿನಾ ಓಡಿಸಲು ಇದರಷ್ಟು ಸುಖ ಇನ್ನೊಂದಿಲ್ಲ. ರಸ್ತೆಯ ಸದ್ದು ಒಳಗೆ ಬರುವುದಿಲ್ಲ, ಗ್ರೀಸ್ ಕೇಳುವುದಿಲ್ಲ, ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದರೂ ಆರ್ಮ್ ಸಲೀಸಾಗಿ ತಿರುಚಿಕೊಡುತ್ತದೆ. ಹಾಪ್ ಮಾತ್ರ ಇದರ ಜೊತೆಗೇ ಬಂದ ನೆಂಟ.

ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ (ಪಾಲಿ) ಬುಶ್ ಇರುವ ಪೈಪಿನ ಆರ್ಮ್ ಹಾಕಿದಾಗ ವ್ಯತ್ಯಾಸ ಹುಡುಕಬೇಕಾಗಲಿಲ್ಲ. ಆಕ್ಸಿಲರೇಟರ್ ಒತ್ತುವುದಕ್ಕೂ ಗಾಡಿ ಮುನ್ನುಗ್ಗುವುದಕ್ಕೂ ನಡುವೆ ಇದ್ದ ಆ ಮೆತ್ತನೆಯ ಗ್ಯಾಪ್ ಮಾಯ. ಹಾಪ್ ಬಹುಪಾಲು ನಿಂತಿತು. ಸದ್ದು ಸ್ವಲ್ಪ ಏರಿತು, ಒಂದು ವಾರಕ್ಕೆ ಕಿವಿ ಒಗ್ಗಿಕೊಂಡಿತು. ಒಗ್ಗದೇ ಹೋದದ್ದು ಕಿರ್‌ಗುಟ್ಟುವಿಕೆ. ಪಾಲಿ ಬುಶ್ ರಬ್ಬರಿನಂತೆ ಲೋಹಕ್ಕೆ ಅಂಟಿಕೊಂಡಿರುವುದಿಲ್ಲ, ಒಳಗಿನ ಲೋಹದ ಕೊಳವೆಯ ಮೇಲೆ ಉಜ್ಜುತ್ತದೆ. ಗ್ರೀಸ್ ಒಣಗಿದ ದಿನ ಹಳೇ ಬಾಗಿಲಿನ ಹಾಗೆ ಕಿರುಚುತ್ತದೆ. ಗ್ರೀಸ್ ನಿಪ್ಪಲ್ ಇಲ್ಲದ ಪಾಲಿ ಆರ್ಮನ್ನು ಪುಕ್ಕಟೆ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು ಬೈಂಡ್, ಅಂದರೆ ಆರ್ಮ್ ಸಲೀಸಾಗಿ ಆಡದೆ ಬಿಗಿದುಕೊಳ್ಳುವುದು. ತಿರುವಿನಲ್ಲಿ ಬಾಡಿ ವಾಲಿದಾಗ ಆರ್ಮ್ ತನ್ನ ಉದ್ದಕ್ಕೆ ತಿರುಚಿಕೊಳ್ಳಬೇಕು, ಎರಡೂ ತುದಿಯ ಪಾಲಿ ಅದಕ್ಕೆ ಅಡ್ಡ ನಿಲ್ಲುತ್ತದೆ. ಥ್ರೀ-ಲಿಂಕ್‌ನಲ್ಲಿ ಇದು ಸಹಿಸಬಹುದಾದಷ್ಟೇ. ಮೇಲಿನ ಎರಡು ಆರ್ಮ್ ಓರೆಯಾಗಿ ಕೂರುವ ಹಳೆಯ ಫೋರ್-ಲಿಂಕ್ ಗಾಡಿಗಳಲ್ಲಾದರೆ ಮೇಲಿನ ಆರ್ಮ್‌ಗೆ ಪಾಲಿ ಹಾಕುವುದು ಅಪಾಯ: ತಿರುವಿನ ನಡುವೆ ಹಿಂಭಾಗ ಇದ್ದಕ್ಕಿದ್ದಂತೆ ಹಿಡಿತ ಬಿಟ್ಟು ಜಾರಬಹುದು.

ಎರಡೂ ತುದಿಗೆ ಸ್ಫೆರಿಕಲ್ ಬೇರಿಂಗ್ ಇರುವುದು ಟ್ರ್ಯಾಕ್‌ನ ಸರಕು. ಗುಂಡು ಎತ್ತ ಬೇಕಾದರೂ ಹೊರಳುವುದರಿಂದ ಬೈಂಡ್ ಎಂಬ ಮಾತೇ ಇಲ್ಲ, ಹಾಪ್ ಕೂಡ ಇಲ್ಲ. ತಿರುವಿನಲ್ಲಿ ಹಿಂದಿನ ಆಕ್ಸಲ್ ಏನು ಮಾಡುತ್ತಿದೆ ಎಂಬುದು ಸೀಟಿನಲ್ಲೇ ಗೊತ್ತಾಗುತ್ತದೆ. ಆದರೆ ರಸ್ತೆಯ ಪ್ರತಿ ಜೋಡಣೆ, ಡಿಫರೆನ್ಶಿಯಲ್‌ನ ಗುಂಯ್ ಎಲ್ಲವೂ ನೇರ ಬಾಡಿಗೆ ಬಂದುಬಿಡುತ್ತದೆ. ಧೂಳು, ಮಳೆನೀರು ಸೇರಿದರೆ ಒಳಗಿನ ಲೈನರ್ ಸವೆದು ಟಕಟಕ ಶುರು. ದಿನಾ ಓಡಿಸುವ ಗಾಡಿಗೆ ಬೇಡ.

ಕೊನೆಗೆ ನನ್ನ ಗಾಡಿಯಲ್ಲಿ ಉಳಿದುಕೊಂಡದ್ದು ಮಿಶ್ರ ಆರ್ಮ್: ಬಾಡಿ ಕಡೆಗೆ ಪಾಲಿ, ಆಕ್ಸಲ್ ಕಡೆಗೆ ಸ್ಫೆರಿಕಲ್. ತಿರುಚಿಕೊಳ್ಳುವ ಕೆಲಸವನ್ನು ಸ್ಫೆರಿಕಲ್ ತುದಿ ನೋಡಿಕೊಳ್ಳುತ್ತದೆ, ಸದ್ದನ್ನು ಪಾಲಿ ಒಂದಿಷ್ಟು ನುಂಗುತ್ತದೆ. ಪೂರ್ತಿ ಪಾಲಿಗಿಂತ ಕೊಂಚ ಹೆಚ್ಚು ಸದ್ದು, ಪೂರ್ತಿ ಸ್ಫೆರಿಕಲ್‌ಗಿಂತ ಬಹಳ ಕಡಿಮೆ.

ಇಷ್ಟೆಲ್ಲ ಬುಶ್ ಪುರಾಣದ ನಡುವೆ ಜನ ಮರೆಯುವುದು ಆರ್ಮ್ ಕೂತಿರುವ ಕೋನವನ್ನು. ಗಾಡಿ ಇಳಿಸಿದಾಗ ಬಾಡಿ ಕಡೆಯ ತುದಿ ಕೆಳಗೆ ಬರುತ್ತದೆ, ಆಕ್ಸಲ್ ಕಡೆಯದು ಅಲ್ಲೇ ಇರುತ್ತದೆ. ಮುಂದಿನ ತುದಿ ಮೇಲಿದ್ದರೆ ವೇಗ ಹೆಚ್ಚಿಸಿದಾಗ ಆರ್ಮ್ ಬಾಡಿಯನ್ನು ಎತ್ತಿ ಹಿಡಿಯುತ್ತದೆ, ಟೈರ್ ರಸ್ತೆಗೆ ಬಲವಾಗಿ ಒತ್ತಿಕೊಳ್ಳುತ್ತದೆ. ಅದು ಕೆಳಗಾದರೆ ಹಿಂಭಾಗ ಕುಸಿಯದಂತೆ ತಡೆಯುವ ಈ ಗುಣ (ಆಂಟಿ-ಸ್ಕ್ವಾಟ್) ಕರಗಿಹೋಗುತ್ತದೆ. ಆಕ್ಸಲ್ ಕಡೆಯ ತುದಿಯನ್ನು ಕೆಳಗಿಳಿಸುವ ರಿಲೊಕೇಶನ್ ಬ್ರಾಕೆಟ್ ಹಾಕಿದ ಮೇಲೆ ಸಿಕ್ಕ ಹಿಡಿತ, ಪಾಲಿಯಿಂದ ಸ್ಫೆರಿಕಲ್‌ಗೆ ಹೋದಾಗ ಸಿಕ್ಕಿದ್ದಕ್ಕಿಂತ ಜಾಸ್ತಿ. ಹಾಗಂತ ಬ್ರಾಕೆಟ್‌ನ ಅತಿ ಕೆಳಗಿನ ತೂತಿಗೆ ಬೋಲ್ಟ್ ಹಾಕಬೇಡಿ. ಅಲ್ಲಿ ಬಾಡಿ ವಾಲಿದಾಗ ಹೊರಗಿನ ಚಕ್ರ ಹಿಂದಕ್ಕೆ ಸರಿದು ಹಿಂಭಾಗ ಚಂಚಲವಾಗುತ್ತದೆ, ಜೋರಾಗಿ ಬ್ರೇಕ್ ಹಿಡಿದರೆ ಕುಣಿಯಲೂಬಹುದು. ಇಳಿಸಿದ ಗಾಡಿಗೆ ಆರ್ಮ್ ಒಂದು ಕೊಳ್ಳಬೇಕೋ ಬ್ರಾಕೆಟ್ ಒಂದು ಕೊಳ್ಳಬೇಕೋ ಎಂದರೆ ಮೊದಲು ಬ್ರಾಕೆಟ್.

ಅಡ್ಜಸ್ಟಬಲ್ ಪ್ಯಾನ್‌ಹಾರ್ಡ್ ರಾಡ್ ಬೇಕೇ ಬೇಕು, ಇಳಿಸಿದಾಗ ಆಕ್ಸಲ್ ಒಂದು ಪಕ್ಕಕ್ಕೆ ಸರಿದಿರುತ್ತದೆ. ಮೇಲಿನ ಲಿಂಕ್‌ನ ರಬ್ಬರನ್ನು ಮಾತ್ರ ಬಿಟ್ಟುಬಿಡಿ. ಅದು ಹಿಂದಿನ ಸೀಟಿನ ಬುಡಕ್ಕೇ ಬೋಲ್ಟ್ ಆಗಿರುತ್ತದೆ, ಅಲ್ಲಿ ಪಾಲಿ ಹಾಕಿದರೆ ಗೇರಿನ ಗುಂಯ್‌ಗುಡುವಿಕೆ ಹಿಂದೆ ಕೂತವರ ಬೆನ್ನಿಗೇ ಬರುತ್ತದೆ. ಹಾಗೆ ಉಳಿಸಿಕೊಂಡ ರಬ್ಬರ್ ಬುಶ್‌ನ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ. ಜಾಕ್ ಮೇಲೆ ಆಕ್ಸಲ್ ನೇತಾಡುತ್ತಿರುವಾಗ ಬಿಗಿದರೆ, ಗಾಡಿ ಕೆಳಗಿಳಿದ ಮೇಲೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.