ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಮರಾಠಿ: ಗೂಗಲ್ ಇನ್‌ಪುಟ್ ಟೂಲ್ಸ್ ಸಾಕಾ?

ಮರಾಠಿ ಮಾತಾಡೋಕೆ ಬರುತ್ತದೆ, ಓದೋಕೂ ಬರುತ್ತದೆ, ಟೈಪ್ ಮಾಡೋಕೆ ಕೂತರೆ ಮಾತ್ರ ಕೈ ಓಡಲ್ಲ ಅನ್ನೋ ಕನ್ನಡಿಗರಿಗಾಗಿ ಇದನ್ನ ಬರೀತಿದ್ದೇನೆ. ಗೂಗಲ್ ಇನ್‌ಪುಟ್ ಟೂಲ್ಸ್ ಮುಕ್ಕಾಲು ಪಾಲು ಕೆಲಸಕ್ಕೆ ಸಾಕು. ದುಡ್ಡು ಕೊಡಬೇಕಿಲ್ಲ. ಬ್ರೌಸರ್‌ನಲ್ಲಿ ಪುಟ ತೆರೆದು ಮರಾಠಿ ಆರಿಸಿಕೊಂಡರೆ ಆಯ್ತು, ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಇದೆ, ಜಿಮೇಲ್ ಸೆಟ್ಟಿಂಗ್ಸ್‌ನಲ್ಲೂ ಸಿಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಪದ ಹೊಡೆದು ಸ್ಪೇಸ್ ಒತ್ತಿ, ದೇವನಾಗರಿ ಆಗುತ್ತದೆ.

ಲಿಪಿ ಒಂದೇ ಅಲ್ವಾ ಅಂತ ಹಿಂದಿ ಆರಿಸಬೇಡಿ. ಎನ್-ಎ-ಎಚ್-ಐ ಹೊಡೆದರೆ ಹಿಂದಿಯಲ್ಲಿ ‘ನಹೀಂ’ ಬರುತ್ತದೆ, ನಮಗೆ ಬೇಕಾದ್ದು ‘ನಾಹೀ’.

ನಮ್ಮವರು ತಡವರಿಸುವ ಜಾಗ ಬೇರೆಯೇ ಇದೆ. ಈ ಟೂಲ್ ಊಹೆ ಮಾಡುವುದು ಮರಾಠಿಯವರು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೀತಾರೆ ಅನ್ನೋದರ ಮೇಲೆ, ನಾವು ಹೇಗೆ ಬರೀತೀವಿ ಅನ್ನೋದರ ಮೇಲಲ್ಲ. ನಮಗೆ ಗೀತಾ ಅಂದರೆ ಟಿ ಪಕ್ಕ ಎಚ್ ಬೇಕೇ ಬೇಕು. ಅವರಿಗೆ ಬರೀ ಟಿ ಸಾಕು, ಎಚ್ ಸೇರಿದರೆ ಅದು ‘ಥ’. ಹಾಗಾಗಿ ಮನೆಯಲ್ಲಿ ಅನ್ನೋಕೆ ‘ಘರಾತ’ ಬರೆಯುವಾಗ ಕೊನೆಗೆ ಎಚ್ ಹಾಕುವ ಚಟ ಬಿಡಬೇಕು. ‘ಜ್ಞ’ಕ್ಕೆ ನಾವು ಜೆ-ಎನ್ ಅಂತೀವಿ, ಅವರು ಡಿ-ಎನ್-ವೈ. ಜ್ಞಾನೇಶ್ವರರ ಹೆಸರನ್ನ ಇಂಗ್ಲಿಷ್‌ನಲ್ಲಿ ಬರೆಯುವಾಗ ಡಿ ಯಾಕೆ ಬಂತು ಅಂತ ತಲೆ ಕೆರೆದುಕೊಂಡವರಿಗೆ ಇದು ಗೊತ್ತಿರುತ್ತದೆ. ಪದದ ಕೊನೆಯ ಅಕಾರಕ್ಕೆ ಎ ಹೊಡೆಯೋದೂ ಬೇಡ, ಜಿ-ಎಚ್-ಎ-ಆರ್ ಅಂದರೆ ಸಾಕು, ‘ಘರ’ ಆಗುತ್ತದೆ.

ಬರಹ ಸಾಫ್ಟ್‌ವೇರ್‌ನಲ್ಲಿ ಇದು ತಿರುಗುಮುರುಗು. 1998ರಲ್ಲಿ ಬಂದ ನಮ್ಮ ಈ ಬರಹದಲ್ಲಿ ಮರಾಠಿಯೂ ಇದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅದು ಊಹೆ ಮಾಡೋದಿಲ್ಲ, ಹೊಡೆದಷ್ಟೇ ಬರುತ್ತದೆ. ಅಲ್ಲಿ ಕೊನೆಯ ಎ ಬಿಟ್ಟರೆ ಅಕ್ಷರದ ಕಾಲಡಿ ಹಲಂತ, ಅಂದರೆ ಅಕಾರ ಇಲ್ಲ ಅನ್ನೋ ಓರೆಗೆರೆ, ಬಂದು ಕೂರುತ್ತದೆ. ಆದರೆ ದೊಡ್ಡ ಎಲ್ ಹೊಡೆದರೆ ‘ಳ’, ಚಿಕ್ಕದು ಹೊಡೆದರೆ ‘ಲ’, ಎರಡನೇ ಮಾತಿಲ್ಲ. ಕನ್ನಡಕ್ಕೆ ಬರಹ ಬಳಸಿ ರೂಢಿ ಇದ್ದವರ ಬೆರಳಿಗೆ ಇದು ಆಗಲೇ ಗೊತ್ತು.

ಮರಾಠಿಯಲ್ಲಿ ಈ ‘ಳ’ದ್ದೇ ಜಾಸ್ತಿ ತಲೆನೋವು. ನಿನ್ನೆ ಅಂದರೆ ‘ಕಾಲ’, ಸಮಯ ಅಂದರೆ ‘ಕಾಳ’, ಇಂಗ್ಲಿಷ್‌ನಲ್ಲಿ ಎರಡೂ ಕೆ-ಎ-ಎಲ್. ನಮ್ಮ ಮನಸ್ಸಲ್ಲಿ ಯಾವುದಿದೆ ಅಂತ ಯಾವ ಊಹೆಯ ಟೂಲ್‌ಗೂ ಗೊತ್ತಾಗಲ್ಲ, ಅದು ತೋರಿಸುವ ಪದಗಳ ಪಟ್ಟಿಯಿಂದ ನಾವೇ ಆರಿಸಬೇಕು. ನಾಲ್ಕು ಸಾಲಿನ ಮೆಸೇಜ್‌ಗೆ ಇದು ಏನೂ ಅಲ್ಲ. ನಾಲ್ಕು ಪುಟ ಬರೆಯೋಕೆ ಹೊರಟರೆ ಪದಪದಕ್ಕೂ ಕಣ್ಣು ಪಟ್ಟಿಯ ಮೇಲೇ ಇಡಬೇಕು, ಬೇಜಾರಾಗುತ್ತದೆ.

ಊಹೆಯ ಟೂಲ್ ನಿಜಕ್ಕೂ ಗೆಲ್ಲುವುದು ರಕಾರದಲ್ಲಿ. ‘ಸೂರ್ಯ’ ಬರೆದರೆ ದೇವನಾಗರಿಯಲ್ಲಿ ರ ತಲೆಯ ಮೇಲೆ ಹೋಗುತ್ತದೆ. ‘ದುಸಱ್ಯಾ’ ಥರದ ಪದದಲ್ಲಿ ಹಾಗಲ್ಲ, ಅಲ್ಲಿ ರ ಸಣ್ಣ ಕುಡುಗೋಲಿನ ಹಾಗೆ ಯ ಮುಂದೆ ಅಂಟಿಕೊಳ್ಳುತ್ತದೆ. ಇದು ತಪ್ಪಿದರೆ ಮರಾಠಿ ಓದುವವರಿಗೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಬಳಕೆಯ ಪದವಾದರೆ ಸುಮ್ನೆ ಹೊಡೆದು ಪಟ್ಟಿ ನೋಡಿದರೆ ಆಯ್ತು. ಒಂದೊಂದು ಅಕ್ಷರಕ್ಕೂ ಕೀ ಗೊತ್ತುಮಾಡಿರುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್‌ನಲ್ಲಿ ಇದಕ್ಕೆ ಶಿಫ್ಟ್ ಹಿಡಿದು ಜೆ, ಆಮೇಲೆ ಡಿ, ಆಮೇಲೆ ಸ್ಲ್ಯಾಶ್ ಒತ್ತಬೇಕು. ‘ಬ್ಯಾಂಕ್’ ಕೂಡ ಹಾಗೇ. ನಾವು ಯ ಒತ್ತು ಕೊಟ್ಟು ಬರೀತೀವಿ, ಮರಾಠಿಯಲ್ಲಿ ಬ ಮೇಲೆ ಅರ್ಧಚಂದ್ರ, ಅದರೊಳಗೆ ಚುಕ್ಕೆ. ಬಿ-ಎ-ಎನ್-ಕೆ ಅಂತ ಇಂಗ್ಲಿಷ್ ಸ್ಪೆಲ್ಲಿಂಗ್ ಹೊಡೆಯಿರಿ, ನಮ್ಮ ಉಚ್ಚಾರಣೆ ನಂಬಿ ವೈ ಸೇರಿಸಬೇಡಿ.

ಇನ್‌ಸ್ಕ್ರಿಪ್ಟ್ ಅಂದೆನಲ್ಲ, ಅದು ವಿಂಡೋಸ್‌ನಲ್ಲೇ ಇದೆ. ಕನ್ನಡಕ್ಕೂ ಮರಾಠಿಗೂ ಒಂದೇ ಜೋಡಣೆ, ಕೆ ಒತ್ತಿದರೆ ಎರಡರಲ್ಲೂ ‘ಕ’. ಕನ್ನಡದಲ್ಲಿ ಅದನ್ನ ಕಲಿತವರು ಈ ಊಹೆಯ ಗೋಜಿಗೇ ಹೋಗಬೇಕಿಲ್ಲ. ಆದರೆ ನಮ್ಮಲ್ಲಿ ಅದನ್ನ ಕಲಿತವರೆಷ್ಟು, ಹೆಚ್ಚಿನವರದು ನುಡಿ ಕೀಬೋರ್ಡು.

ನೆಟ್ ಇಲ್ಲದಿದ್ದರೆ ಗೂಗಲ್‌ನ ವೆಬ್ ಟೂಲ್ ನಡೆಯಲ್ಲ. ವಿಂಡೋಸ್‌ಗೆ ಇಳಿಸಿಕೊಳ್ಳುವ ಹಳೆಯ ಆವೃತ್ತಿಯನ್ನ ಗೂಗಲ್ ಈಗ ಕೊಡುತ್ತಿಲ್ಲ. ಬೇರೆ ಬೇರೆ ಸೈಟ್‌ಗಳಲ್ಲಿ ಅದೇ ಹೆಸರಿನ ಫೈಲ್ ಸಿಗುತ್ತದೆ, ಅದರೊಳಗೆ ಇನ್ನೇನಿದೆಯೋ ಯಾರು ಬಲ್ಲರು, ಇಳಿಸಿಕೊಳ್ಳಬೇಡಿ. ಅದರ ಬದಲು 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಮರಾಠಿ ಫೋನೆಟಿಕ್ ಕೀಬೋರ್ಡ್ ಬಂದಿದೆ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಮರಾಠಿ ಸೇರಿಸಿ, ಅದರ ಆಯ್ಕೆಗಳಲ್ಲಿ ಕೀಬೋರ್ಡ್ ಸೇರಿಸುವಾಗ ಫೋನೆಟಿಕ್ ಅಂತ ಇರೋದನ್ನ ಆರಿಸಿ. ಫೋನ್‌ನಲ್ಲಾದರೆ ಜಿಬೋರ್ಡ್‌ಗೆ ಮರಾಠಿ ಸೇರಿಸಿಕೊಳ್ಳಿ, ಅಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವ ಆಯ್ಕೆ ಇದೆ.